ಕೇಣಿಯ ಚಂಪಕ್ಕ ಮತ್ತು ಗುರುವಾರದ ರಕ್ತ

ಬೆಳಗಿನ ಐದೂ ಮುಕ್ಕಾಲು. ಅಂಕೋಲಾ ಬಸ್ ನಿಲ್ದಾಣದಲ್ಲಿ ಯಲ್ಲಾಪುರದ ಕಡೆಗೆ ಹೋಗುವ ಮೊದಲ ಬಸ್ಸು ನಿಂತಲ್ಲೇ ಗುರುಗುಡುತ್ತಿದೆ. ಹಿಂದಿನ ಬಾಗಿಲಿನಿಂದ ಮೀನುಬುಟ್ಟಿಗಳು ಒಂದೊಂದಾಗಿ ಏರುತ್ತವೆ. ನಾಲ್ಕನೆಯ ಬುಟ್ಟಿ ಚಂಪಾ ಅವರದು. ಮೇಲೆ ಶೆಟ್ಲಿ ಎಂಬ ಒಣ ಸೀಗಡಿ, ಅದರ ಕೆಳಗೆ ಉಪ್ಪು ಹಾಕಿದ ಬಂಗಡೆ, ಬುಡದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಉದ್ದನೆಯ ನೋಟ್‌ಬುಕ್. ಕಂಡಕ್ಟರ್ ಮೂಗು ಮುರಿಯುತ್ತಾನೆ. ಬುಟ್ಟಿಯ ಬುಡವನ್ನು ಯಾರೂ ಕೆದಕುವುದಿಲ್ಲ. ಚಂಪಾ ಅವರಿಗೆ ಬೇಕಾದ್ದೂ ಅಷ್ಟೇ.

ಸುಂಕಸಾಳಕ್ಕಿಂತ ಮೊದಲೇ ಒಂದು ನಿಲ್ದಾಣದಲ್ಲಿ ಇಳಿದು, ಗದ್ದೆಯ ಅಂಚಿನ ದಾರಿ ಹಿಡಿದು, ಮೊದಲು ಎರಡು ಮನೆಗಳಿಗೆ ಮೀನು ಕೊಡುತ್ತಾರೆ. ಮೂರನೆಯದು ಅವರು ನಿಜವಾಗಿ ಹುಡುಕಿಕೊಂಡು ಬಂದ ಮನೆ. ಅಲ್ಲಿ ಒಳಕೋಣೆಗೆ ಹೋಗಿ, ಚಾಪೆಯ ಮೇಲೆ ಗುಳಿಗೆಯ ಡಬ್ಬಿಯನ್ನು ಸುರುವಿ, ಎರಡೆರಡಾಗಿ ಎಣಿಸುತ್ತಾರೆ. ಹದಿನೇಳು. ನೋಟ್‌ಬುಕ್‌ನಲ್ಲೂ ಹದಿನೇಳೇ ಇರಬೇಕಾದ್ದು. ಆದರೂ ಏಳುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಧೂಳಿದೆಯೇ ಎಂದು ಬೆರಳು ಆಡಿಸುತ್ತಾರೆ. ನೀರಿನ ಲೋಟ ಎಲ್ಲಿಡುತ್ತೀರಿ ಎಂದು ಮನೆಯಾತನನ್ನು ಕೇಳುತ್ತಾರೆ. ನಿನ್ನೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ, ಹತ್ತು ನಿಮಿಷ ಮಳೆ, ಬೆಳೆ ಮಾತಾಡಿ, ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಾರೆ. ಅಲ್ಲಿಂದ ಹೊರಟು ಮತ್ತೆರಡು ಮನೆಗೆ ಮೀನು ಕೊಟ್ಟೇ ಬಸ್ಸಿಗೆ ಹೋಗುತ್ತಾರೆ.

“ಒಂದೇ ಮನೆಗೆ ಹೋದ್ರೆ ನೆರೆಮನೆಯವರಿಗೆ ಅನುಮಾನ ಬತ್ತದೆ. ಹಂಗಾಗಿ ಐದು ಮನೆಗೆ ಹೋಗ್ತೆ,” ಎನ್ನುತ್ತಾರೆ ಚಂಪಾ. “ಅವರ ಅನುಮಾನ ಬೇರೆ, ನಂದು ಬೇರೆ. ನಂಗೆ ಎಲ್ಲರ ಮೇಲೂ ಅದೆ.”

ನಲವತ್ತೆಂಟರ ಚಂಪಾ ಕೇಣಿಯ ಮೀನುಗಾರರ ಮನೆಯವರು. ಎಚ್‌ಐವಿ ಇರುವವರ ಆರೈಕೆಗೆ ಕಾರವಾರದಲ್ಲಿ ಕಚೇರಿ ಇಟ್ಟಿರುವ ಖಾಸಗಿ ಸಂಸ್ಥೆಯೊಂದರಲ್ಲಿ ಹನ್ನೆರಡು ವರ್ಷಗಳಿಂದ ಮನೆಭೇಟಿಯ ಕೆಲಸ ಮಾಡುತ್ತಿದ್ದಾರೆ. ಅವರ ಪಾಲಿಗೆ ಮೂವತ್ತೊಂದು ಊರು, ನೂರ ನಲವತ್ತಾರು ಜನ. ದಿನಕ್ಕೆ ಆರೇಳು ಮನೆ. ಚಂಪಾ ಎಂಬುದು ಅವರ ನಿಜವಾದ ಹೆಸರಲ್ಲ. ಮುಂದೆ ಬರುವ ಉಳಿದವರ ಹೆಸರುಗಳೂ ಅಷ್ಟೇ. ಪಟ ತೆಗೆಯಬಾರದು, ಅಚ್ಚಿಗೆ ಕೊಡುವ ಮೊದಲು ಓದಿ ಹೇಳಬೇಕು ಎಂಬ ಎರಡು ಷರತ್ತಿನ ಮೇಲೆ ಅವರು ಈ ಬರಹಕ್ಕೆ ಒಪ್ಪಿದ್ದಾರೆ. ಮೀನಿನ ವಿಷಯ ಬರೆಯಬಹುದೇ ಎಂದರೆ ನಗುತ್ತಾರೆ. “ಬರೀರಿ. ಮೊದಲ ಬಸ್ಸಿಗೆ ಬುಟ್ಟಿ ತಗಂಡು ಹತ್ತೋ ಹೆಂಗಸ್ರು ಈ ತಾಲ್ಲೂಕಲ್ಲಿ ಎಷ್ಟಿಲ್ಲ? ಅದ್ರಲ್ಲಿ ನಾನ್ಯಾರು ಹೇಳಿ ಹುಡುಕ್ಲಿ.”

ಆಕೆಗೂ ಈ ಕಾಯಿಲೆ ಇದೆಯೇ ಎಂದು ಮನೆಮನೆಯಲ್ಲೂ ಕೇಳುತ್ತಾರಂತೆ. ಹೌದು ಎಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಇಲ್ಲ ಎಂದರೆ ನಿನಗೇನು ಗೊತ್ತು ನಮ್ಮ ಕಷ್ಟ ಎನ್ನುತ್ತಾರೆ. ಹಾಗಾಗಿ ಚಂಪಾ ಹನ್ನೆರಡು ವರ್ಷಗಳಲ್ಲಿ ಒಬ್ಬರಿಗೂ ಉತ್ತರ ಕೊಟ್ಟಿಲ್ಲ. ಪತ್ರಿಕೆಗೂ ಕೊಡಲಿಲ್ಲ.

ಯಾರನ್ನೂ ನಂಬದ ಈ ಸ್ವಭಾವ ಹುಟ್ಟಿನಿಂದ ಬಂದದ್ದಲ್ಲ. ಅವರ ತಮ್ಮ ಹರಿಶ್ಚಂದ್ರ ಟ್ರಾಲರ್ ಬೋಟಿನಲ್ಲಿದ್ದ. ಕಾಯಿಲೆ ಗೊತ್ತಾದ ಮೇಲೆ ಗುಳಿಗೆ ಶುರುವಾಯಿತು. ತಗೊಂಡೆಯಾ ಎಂದು ಅಕ್ಕ ದಿನಾ ಕೇಳುತ್ತಿದ್ದರು, ಹೂಂ ಎನ್ನುತ್ತಿದ್ದ. ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಹನ್ನೊಂದನೆಯ ದಿನದ ಕೆಲಸಕ್ಕೆ ಮನೆ ಸ್ವಚ್ಛ ಮಾಡುವಾಗ ಹಳೆಯ ಬಲೆಗಳ ರಾಶಿಯೊಳಗೆ ಒಂಬತ್ತು ಡಬ್ಬಿ ಗುಳಿಗೆ ಸಿಕ್ಕಿತು. ಮುಚ್ಚಳ ಒಡೆದಿರಲಿಲ್ಲ.

“ನಾನು ಕೇಳ್ದೆ. ಅವ ಹೂಂ ಅಂದ. ನಾನು ನಂಬ್ದೆ,” ಎನ್ನುತ್ತಾರೆ ಚಂಪಾ.

ಈ ಕೆಲಸಕ್ಕೆ ಮೂರು ವರ್ಷಗಳಿಂದ ಒಂದು ಪಟ್ಟಿ ಜೊತೆಯಾಗಿದೆ. ಎಚ್‌ಐವಿ ದೇಹದೊಳಗೆ ತಿನ್ನುವುದು ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು. ರೋಗಗಳ ವಿರುದ್ಧ ದೇಹದ ಕಾವಲು ಅವೇ. ಆ ಕಣಗಳ ಎಣಿಕೆ ಐನೂರರ ಮೇಲಿದ್ದರೆ ನೆಮ್ಮದಿ, ಇನ್ನೂರರ ಕೆಳಗಿಳಿದರೆ ಅಪಾಯ. ಸಂಸ್ಥೆ ಆರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಎಣಿಕೆ ಮಾಡಿಸುತ್ತದೆ. ಧಾರವಾಡದಲ್ಲಿ ಕೂತು ಈ ಅಂಕಿಗಳನ್ನು ನೋಡುವವರು ಸಂಧ್ಯಾ, ಸಂಖ್ಯಾಶಾಸ್ತ್ರ ಓದಿದ ಮೂವತ್ತೈದರ ಹೆಣ್ಣುಮಗಳು. ರೋಗ ಗೊತ್ತಾದ ದಿನದ ಎಣಿಕೆ, ವಯಸ್ಸು, ಗುಳಿಗೆ ಶುರುವಾದ ತಾರೀಖು, ಆಮೇಲಿನ ಏರಿಳಿತ ಎಲ್ಲವನ್ನೂ ಸೇರಿಸಿ, ಒಬ್ಬೊಬ್ಬರ ಎಣಿಕೆ ಮುಂದೆ ಯಾವ ದಾರಿಯಲ್ಲಿ ಸಾಗಬೇಕು ಎಂದು ಅವರು ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಎರಡೂ ಬದಿಗೆ ಸ್ವಲ್ಪ ಜಾಗ ಬಿಡುತ್ತಾರೆ. ಯಾರ ಎಣಿಕೆ ಆ ಜಾಗವನ್ನೂ ದಾಟಿ ಕೆಳಗೆ ಬೀಳುತ್ತದೋ ಅವರ ಗುರುತಿನ ಸಂಖ್ಯೆಗೆ ಕೆಂಪು ಬಣ್ಣ. ಪ್ರತಿ ತಿಂಗಳ ಮೊದಲ ಸೋಮವಾರ ಕೆಂಪಾದವರ ಪಟ್ಟಿ ಚಂಪಾ ಅವರ ಮೊಬೈಲಿಗೆ ಬರುತ್ತದೆ.

“ಕೆಂಪು ಅಂದರೆ ತಪ್ಪಿತಸ್ಥರು ಅಂತಲ್ಲ, ಹೋಗಿ ನೋಡಿ ಅಂತಷ್ಟೇ,” ಎನ್ನುತ್ತಾರೆ ಸಂಧ್ಯಾ ಫೋನಿನಲ್ಲಿ. “ಆದರೆ ಪಟ್ಟಿ ಕೈಗೆ ಬಂದಮೇಲೆ ಜನ ಅದನ್ನು ಹಾಗೆ ಓದುವುದಿಲ್ಲ. ಅದು ನನಗೆ ತಡವಾಗಿ ಗೊತ್ತಾಯಿತು.”

ಸಾಮಾನ್ಯವಾಗಿ ಪಟ್ಟಿಯಲ್ಲಿ ಎರಡು ಮೂರು ಸಂಖ್ಯೆಗಳಿರುತ್ತಿದ್ದವು. ಈ ವರ್ಷದ ಏಪ್ರಿಲ್‌ನಲ್ಲಿ ಹದಿನಾರು ಬಂತು.

ಕಾರವಾರದ ಕಚೇರಿಯಲ್ಲಿ ತುರ್ತು ಸಭೆ ಕರೆದರು. ಆಪ್ತಸಲಹೆಗಾರ್ತಿ ದೀಪಾ, ಮೇಲಿನವರ ಅಭಿಪ್ರಾಯ ಇದು ಎಂದು ಓದಿ ಹೇಳಿದರು: ಅಂಕೋಲೆಯ ಕಡೆಯವರು ಗುಳಿಗೆ ಬಿಟ್ಟಿದ್ದಾರೆ. ಯಾರೋ ನಾಟಿ ಔಷಧದವನು ಬಂದು ತಲೆ ಕೆಡಿಸಿರಬೇಕು, ಅಥವಾ ಗುಳಿಗೆ ಬೇರೆಲ್ಲಿಗೋ ಹೋಗುತ್ತಿರಬೇಕು. ಎಲ್ಲರೂ ಒಪ್ಪಿದರು. ಚಂಪಾ ಕೂಡ.

“ಸುಳ್ಳು ಯಾಕೆ ಹೇಳ್ಲಿ, ನಂಗೂ ಹಂಗೇ ಅನ್ನಿಸ್ತು,” ಎನ್ನುತ್ತಾರೆ ಅವರು. “ಹದಿನಾರು ಮಂದಿ ಸೇರ್ಕಂಡು ನನ್ ಕಣ್ಣಿಗೆ ಮಣ್ಣು ಹಾಕ್ತಿದ್ರು ಹೇಳಿ ಹೊಟ್ಟೆ ಉರೀತು.”

ಆ ಹದಿನಾರರಲ್ಲಿ ಗಂಗಿಯ ಸಂಖ್ಯೆಯೂ ಇತ್ತು. ಗಂಗಿ ಮತ್ತು ಆಕೆಯ ಗಂಡ ಬೀರು ಕಾಡಿನಂಚಿನ ಊರೊಂದರಲ್ಲಿ ಸ್ವಲ್ಪ ಗದ್ದೆ, ಉಳಿದ ದಿನ ಕೂಲಿ ಮಾಡಿಕೊಂಡಿರುವವರು. ಇಬ್ಬರಿಗೂ ಎಚ್‌ಐವಿ ಇದೆ. ಒಂಬತ್ತು ವರ್ಷಗಳಿಂದ ಇಬ್ಬರೂ ರಾತ್ರಿಯ ಊಟವಾದ ಮೇಲೆ ಒಂದೇ ತಂಬಿಗೆಯ ನೀರಿನಲ್ಲಿ ಒಂದೊಂದು ಗುಳಿಗೆ ನುಂಗುತ್ತಾರೆ. ಬೀರುವಿನ ಎಣಿಕೆ ಐನೂರರ ಆಸುಪಾಸಿನಲ್ಲೇ ಇತ್ತು. ಐನೂರ ಅರವತ್ತು ಇದ್ದ ಗಂಗಿಯದು ಮುನ್ನೂರ ನಲವತ್ತಕ್ಕೆ ಇಳಿದಿತ್ತು.

ಚಂಪಾ ಹೋದರು, ಡಬ್ಬಿ ಸುರುವಿದರು, ಎಣಿಸಿದರು. ಒಂದು ಗುಳಿಗೆಯೂ ಹೆಚ್ಚುಕಡಿಮೆ ಇರಲಿಲ್ಲ. ಬೇರೆಯವರಾದರೆ ಅಲ್ಲಿಗೆ ಸಮಾಧಾನವಾಗುತ್ತಿತ್ತು. ಚಂಪಾ ಅವರಿಗೆ ಅನುಮಾನ ಗಟ್ಟಿಯಾಯಿತು. ಲೆಕ್ಕ ಸರಿ ಕಾಣಲೆಂದು ದಿನಕ್ಕೊಂದು ಗುಳಿಗೆ ಎಸೆಯುವವರನ್ನು ಅವರು ಕಂಡಿದ್ದಾರೆ. ಗಂಗಿ ಚಾ ಕಾಯಿಸಲು ಒಳಗೆ ಹೋದಾಗ ಹಿತ್ತಿಲಿಗೆ ನಡೆದು ಬಚ್ಚಲಿನ ಬೂದಿಯನ್ನು ಕೋಲಿನಿಂದ ಕೆದಕಿದರು. ಕೋಳಿಗೂಡಿಗೆ ಕೈ ಹಾಕಿದರು. ತಿರುಗಿ ನೋಡಿದರೆ ಗಂಗಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

“ಎಂತ ಹುಡುಕ್ತ್ರಿ ಅಕ್ಕ?”

“ಎಂತದೂ ಇಲ್ಲ.”

“ಕೋಳಿ ಗೂಡಲ್ಲಿ ಎಂತದೂ ಇಲ್ದೆ ಕೈ ಹಾಕ್ತ್ರಾ ಯಾರಾದ್ರೂ?”

ಆಗ ಚಂಪಾ ಹೇಳಿಬಿಟ್ಟರು. ನಿನ್ನ ರಕ್ತ ಕೆಟ್ಟಿದೆ, ಗಂಡನದು ಸರಿಯಿದೆ, ಒಂದೇ ಮನೆಯಲ್ಲಿ ಒಂದೇ ಗುಳಿಗೆ, ಹೇಗೆ? ಬೀರು ಜಗಲಿಯಿಂದ ಎದ್ದು ಬಂದಿದ್ದ. ಈ ಮಾತು ಅವನ ಕಿವಿಗೂ ಬಿತ್ತು. ಅವನು ಹೆಂಡತಿಯ ಮುಖವನ್ನು ನೋಡಿದ. ಆ ನೋಟದಲ್ಲಿದ್ದ ಅನುಮಾನವನ್ನು ಗಂಗಿ ಕಂಡಳು.

ಹನ್ನೆರಡು ದಿನ ಬಿಟ್ಟು ಚಂಪಾ ಮತ್ತೆ ಹೋದಾಗ ಡಬ್ಬಿಯಲ್ಲಿ ಹನ್ನೆರಡು ಗುಳಿಗೆ ಹೆಚ್ಚಿಗೆ ಇದ್ದವು. ಗಂಗಿ ಅದನ್ನು ಮುಚ್ಚಿಡಲಿಲ್ಲ. ತಾನೇ ತಂದು ಚಾಪೆಯ ಮೇಲೆ ಸುರಿದಳು.

“ತಗಂಡಾಗೂ ಕಳ್ಳಿ ಅಂದ್ರಿ. ಈಗ ತಗಳೂದಿಲ್ಲ. ಈಗಾದ್ರೂ ನೀವು ಹೇಳೂದು ಖರೆ ಆಯ್ತಲ್ಲ,” ಎಂದಳು. ಬೀರು ತಾನು ಕಾಲು ಹಿಡಿಯುವುದೊಂದು ಬಾಕಿ ಎಂದ. ಆಕೆ ಅವನ ಕಡೆ ತಿರುಗಲೂ ಇಲ್ಲ.

ಗುಳಿಗೆ ಬಿಟ್ಟ ದೇಹದಲ್ಲಿ ವೈರಸ್ ಮತ್ತೆ ತಲೆ ಎತ್ತಲು ಹೆಚ್ಚು ದಿನ ಬೇಕಾಗುವುದಿಲ್ಲ. ಚಂಪಾ ಆ ದಿನ ಉಳಿದ ಮನೆಗಳಿಗೆ ಹೋಗಲಿಲ್ಲ. ಕೇಣಿಗೆ ಬಂದು ನೋಟ್‌ಬುಕ್ ಬಿಚ್ಚಿ ಕೂತರು. ಅಂಗಳದಲ್ಲಿ ಬಲೆ ನೇಯುತ್ತಿದ್ದ ಗಂಡ ತುಳಸಿದಾಸ ಊಟಕ್ಕೆ ಎರಡು ಸಲ ಕರೆದರು.

“ಅವಳ ಸಿಟ್ಟು ನಾಟಕ ಅಲ್ಲ ಹೇಳಿ ಗೊತ್ತಾಯ್ತು. ಕಳ್ಳತನ ಮಾಡಿದವರು ಡಬ್ಬಿ ತಂದು ನನ್ ಮುಂದೆ ಸುರೀತ್ರಾ? ಹಂಗಾದ್ರೆ ಸುಳ್ಳು ಹೇಳ್ತಿದ್ದುದು ಯಾರು? ಅಂಕಿ ಹೇಳ್ತಿರಬೇಕು. ಅಂಕಿ ಮೇಲೆ ನಾನು ಒಂದಿನವೂ ಅನುಮಾನ ಮಾಡಿರ್ಲಿಲ್ಲ.”

ಸಂಸ್ಥೆ ಎರಡು ಕಡೆ ರಕ್ತ ತೆಗೆಯುತ್ತದೆ. ಕಾರವಾರದ ತನ್ನ ಕಚೇರಿಯಲ್ಲಿ ಎಲ್ಲ ದಿನ, ಅಂಕೋಲೆಯ ಬಾಡಿಗೆ ಕೋಣೆಯೊಂದರಲ್ಲಿ ಗುರುವಾರ ಮಾತ್ರ. ಅಂಕೋಲೆಯ ರಕ್ತವನ್ನು ಡಬ್ಬಿಯಲ್ಲಿಟ್ಟು ವ್ಯಾನಿನಲ್ಲಿ ಕಾರವಾರಕ್ಕೆ ಒಯ್ಯುತ್ತಾರೆ, ಎಣಿಕೆ ನಡೆಯುವುದು ಶುಕ್ರವಾರ ಬೆಳಿಗ್ಗೆ. ಯಾರ ರಕ್ತವನ್ನು ಯಾವ ದಿನ, ಎಲ್ಲಿ ತೆಗೆದರು ಎಂಬುದನ್ನು ಚಂಪಾ ಅಭ್ಯಾಸಬಲದಿಂದ ಬರೆದಿಟ್ಟಿದ್ದರು. ಹದಿನಾರು ಕೆಂಪು ಸಂಖ್ಯೆಗಳ ಎದುರು ಒಂದೊಂದಾಗಿ ಬೆರಳಿಟ್ಟು ನೋಡಿದರು. ಹದಿನಾಲ್ಕು ಅಂಕೋಲೆಯ ಗುರುವಾರದವು. ಉಳಿದ ಇಬ್ಬರ ಕತೆ ಅವರಿಗೆ ಗೊತ್ತಿತ್ತು. ಒಬ್ಬ ನಿಜವಾಗಿಯೂ ಗುಳಿಗೆ ಬಿಟ್ಟು ಬೋಟಿಗೆ ಹೋಗಿದ್ದ, ಇನ್ನೊಬ್ಬರಿಗೆ ಕ್ಷಯ. ಬೀರುವಿನ ಹೆಸರೆದುರು ಕಾರವಾರ ಎಂದಿತ್ತು. ಆ ವಾರ ಕಣ್ಣು ತೋರಿಸಲು ಹೋದವನು ಅಲ್ಲೇ ರಕ್ತ ಕೊಟ್ಟು ಬಂದಿದ್ದ.

ಮಾರ್ಚಿಗಿಂತ ಹಿಂದಿನ ಗುರುವಾರಗಳಲ್ಲಿ ಕೆಂಪು ಇರಲಿಲ್ಲ. ಮಾರ್ಚಿನಲ್ಲಿ ಬದಲಾದದ್ದು ಒಂದೇ: ಹಳೆಯ ಚಾಲಕ ಜಟ್ಟು ಮೊಣಕಾಲು ನೋವೆಂದು ಬಿಟ್ಟಿದ್ದ, ಅವನ ಜಾಗಕ್ಕೆ ಸಂದೇಶ ಬಂದಿದ್ದ. ಕಾರವಾರದ ಬೈತಖೋಲದ ಕಡೆಯ ಸಂದೇಶ ಅದಕ್ಕೆ ಮೊದಲು ಹತ್ತು ವರ್ಷ ಮೀನಿನ ಗಾಡಿ ಓಡಿಸಿದವನು. ಈಗ ಚಂಪಾ ಅವರ ಅನುಮಾನವೆಲ್ಲ ಅವನ ಮೇಲೆ ತಿರುಗಿತು. ದಾರಿಯಲ್ಲಿ ಗಾಡಿ ನಿಲ್ಲಿಸಿ ಮಲಗುತ್ತಾನೆ, ಬೇರೆ ಬಾಡಿಗೆ ಹೊಡೆಯುತ್ತಾನೆ, ರಕ್ತ ಬಿಸಿಲಲ್ಲಿ ಬೇಯುತ್ತದೆ. ಮುಂದಿನ ಗುರುವಾರ, ಕಾರವಾರದಲ್ಲಿ ಕೆಲಸವಿದೆ ಎಂದು ನೆಪ ಹೇಳಿ ವ್ಯಾನಿನಲ್ಲಿ ಕೂತರು.

ಸಂದೇಶ ಎಲ್ಲಿಯೂ ಮಲಗಲಿಲ್ಲ. ಹಾಡು ಕೂಡ ಹಾಕಲಿಲ್ಲ. ಅವನು ನಿಲ್ಲಿಸಿದ್ದು ಒಂದೇ ಕಡೆ, ಮಂಜುಗಡ್ಡೆ ಕಾರ್ಖಾನೆಯ ಮುಂದೆ. ಒಂದು ಚೀಲ ಪುಡಿ ಐಸ್ ತಂದು, ರಕ್ತದ ಡಬ್ಬಿಯ ಮುಚ್ಚಳ ತೆಗೆದು, ಬಂಗಡೆಗೆ ಹಾಕಿದ ಹಾಗೆ ಒಂದು ಪದರ ಕೆಳಗೆ, ಒಂದು ಪದರ ಮೇಲೆ ಒಪ್ಪವಾಗಿ ಹಾಕಿದ.

“ಇದೆಂತಕ್ಕೆ?” ಎಂದರು ಚಂಪಾ.

“ರಕ್ತ ಅಲ್ವಾ ಚಂಪಾಬಾಯಿ, ಕೆಡಬಾರ್ದು. ಅವರು ಕೊಡೂ ತಂಪಿನ ನೀಲಿ ಪ್ಯಾಕೆಟ್ ಎಂತಕ್ಕೂ ಸಾಕಾಗೂದಿಲ್ಲ. ನಾ ನನ್ ಕೈಯಿಂದ ಐಸ್ ಹಾಕ್ತೆ, ಆಫೀಸಲ್ಲಿ ಕೇಳೂಕೂ ಹೋಗ್ಲಿಲ್ಲ.”

ಚಂಪಾ ಅವರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮೀನಿನ ಮನೆಯಲ್ಲಿ ಹುಟ್ಟಿದವರಿಗೆ ಐಸ್ ಎಂದರೆ ಜೀವ. ಆದರೆ ಮಾರ್ಚಿನಿಂದ ಬದಲಾದದ್ದು ಇದೊಂದೇ ಎಂಬುದು ತಲೆಯಿಂದ ಹೋಗಲಿಲ್ಲ. ಕಾರವಾರದಲ್ಲಿ ಇಳಿದವರೇ ಧಾರವಾಡಕ್ಕೆ ಫೋನ್ ಮಾಡಿದರು. ಸಂಧ್ಯಾ ಅವರ ಮುಖವನ್ನು ಅದುವರೆಗೆ ಕಂಡವರಲ್ಲ, ಮಾತಾಡಿಸಿದವರೂ ಅಲ್ಲ.

“ಮೇಡಮ್, ರಕ್ತಕ್ಕೆ ಐಸ್ ಹಾಕಿದ್ರೆ ಎಂತ ಆಗ್ತದೆ?”

“ಯಾರು ಹಾಕಿದರು?” ಎಂದು ಕೇಳಿದರು ಸಂಧ್ಯಾ. ಆಮೇಲೆ, “ಎಷ್ಟು ದಿನದಿಂದ?”

ಅಂಕೋಲೆಯಲ್ಲಿ ಎರಡು ಬಗೆಯ ಮಾದರಿ ತೆಗೆಯುತ್ತಾರೆ. ವೈರಸ್ ಎಷ್ಟಿದೆ ಎಂದು ನೋಡಲು ರಕ್ತದ ತಿಳಿಯನ್ನು ಬೇರ್ಪಡಿಸಿ ಕಳಿಸುತ್ತಾರೆ, ಅದು ತಣ್ಣಗಿರಬೇಕು. ಸಿಡಿ4 ಎಣಿಕೆಗೆ ಕಳಿಸುವುದು ಇಡೀ ರಕ್ತ, ಅದು ಕೋಣೆಯ ಹವೆಯಲ್ಲೇ ಇರಬೇಕು. ಐಸ್ ತಾಗಿದರೆ ಕಣಗಳು ಹಾಳಾಗಿ ಎಣಿಕೆಯನ್ನು ನಂಬುವ ಹಾಗಿರುವುದಿಲ್ಲ. ಜಟ್ಟುವಿಗೆ ಇದನ್ನು ಯಾರೋ ಎಂದೋ ಹೇಳಿದ್ದರು, ಅವನು ಎರಡು ಡಬ್ಬಿ ಇಟ್ಟಿದ್ದ. ಸಂದೇಶನಿಗೆ ಯಾರೂ ಹೇಳಿರಲಿಲ್ಲ. ಅವನು ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿ, ತನಗೆ ತಿಳಿದ ಮಟ್ಟಿಗೆ ಜೋಪಾನ ಮಾಡಿದ್ದ.

ಮೇಲಿನವರು ಒಪ್ಪಲಿಲ್ಲ. ಮನೆಭೇಟಿಯ ಹೆಂಗಸು ತನ್ನ ಜನರನ್ನು ಉಳಿಸಲು ಚಾಲಕನ ಮೇಲೆ ಹೊರಿಸುತ್ತಿದ್ದಾಳೆ ಎಂಬ ಮಾತು ಸಭೆಯಲ್ಲಿ ಬಂತು. ಚಂಪಾ ಕುಪ್ಪಸದ ತೋಳು ಮೇಲೇರಿಸಿ ಪ್ರಯೋಗಾಲಯದ ಕುರ್ಚಿಯಲ್ಲಿ ಕೂತರು. ತನ್ನಿಂದ ಎರಡು ನಳಿಗೆ ರಕ್ತ ತೆಗೆಯಿರಿ, ಒಂದನ್ನು ಐಸಿನಲ್ಲಿಡಿ, ಒಂದನ್ನು ಮೇಜಿನ ಮೇಲಿಡಿ, ನಾಳೆ ಎಣಿಸಿ ಎಂದರು. ಅವರ ಹಿಂದೆ ಸಂದೇಶನೂ ಬಂದು ಕೂತ. “ನಾ ಇಷ್ಟು ದಿನ ಎಂತ ಮಾಡ್ದೆ ಬಾಯಿ,” ಎಂದು ಅದೊಂದನ್ನೇ ಹೇಳುತ್ತಿದ್ದ. ಅವನನ್ನು ಕಳ್ಳನೆಂದುಕೊಂಡದ್ದಕ್ಕೆ ಚಂಪಾ ಆ ಕುರ್ಚಿಯಲ್ಲೇ ತಪ್ಪಾಯಿತು ಎಂದರು.

ಮರುದಿನ ಇಬ್ಬರದ್ದೂ ಐಸಿನಲ್ಲಿಟ್ಟ ನಳಿಗೆಯ ಎಣಿಕೆ ಮೇಜಿನ ಮೇಲಿನದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಬಂತು. ಚಂಪಾ ಅವರ ಎಣಿಕೆ ಎಷ್ಟಿತ್ತು? ಅದನ್ನು ಅವರು ಹೇಳುವುದಿಲ್ಲ.

“ನಮ್ಮ ಲೆಕ್ಕದಲ್ಲಿ ಮನುಷ್ಯನ ದೇಹ ಇತ್ತು, ರಕ್ತ ಬರುವ ದಾರಿ ಇರಲಿಲ್ಲ,” ಎನ್ನುತ್ತಾರೆ ಸಂಧ್ಯಾ. “ಎಣಿಕೆ ಇಳಿದರೆ ದೇಹವೇ ಸೋತಿದೆ ಅಂತ ಕಂಪ್ಯೂಟರಿಗೆ ನಾನೇ ಕಲಿಸಿದ್ದೆ. ಚಂಪಾ ಅವರ ನೋಟ್‌ಬುಕ್ ಇಲ್ಲದಿದ್ದರೆ ಇವತ್ತಿಗೂ ಹಾಗೇ ನಡೆಯುತ್ತಿತ್ತು.” ಈಗ ಅವರ ಲೆಕ್ಕದಲ್ಲಿ ರಕ್ತ ತೆಗೆದ ಜಾಗ, ಗಂಟೆ, ಡಬ್ಬಿಯೊಳಗಿನ ಶಾಖ ಮೂರೂ ಸೇರಿವೆ. ಒಂದೇ ದಿನದ, ಒಂದೇ ಡಬ್ಬಿಯ ಎಣಿಕೆಗಳೆಲ್ಲ ಒಟ್ಟಿಗೆ ಬಿದ್ದರೆ ಕೆಂಪು ಬಣ್ಣ ಹತ್ತುವುದು ಡಬ್ಬಿಗೆ, ಮನುಷ್ಯರಿಗಲ್ಲ.

ಹದಿನಾಲ್ಕು ಜನರಿಗೆ ತಪ್ಪು ತಿಳಿಸಬೇಕಿತ್ತು. ಇಂಥ ಮನೆಗಳಿಗೆ ಕಾಗದ ಹಾಕುವಂತಿಲ್ಲ, ಫೋನ್ ಮಾಡಿದರೆ ಯಾರು ಎತ್ತುತ್ತಾರೋ ಗೊತ್ತಿಲ್ಲ. ಹದಿನಾಲ್ಕು ಮನೆಗೂ ಚಂಪಾ ಅವರೇ ಹೋದರು. ಗಂಗಿಯ ಮನೆಗೆ ಮೊದಲು. ಅಷ್ಟರಲ್ಲಿ ಮಾರ್ಚಿನಲ್ಲಿ ತೆಗೆದ ಆಕೆಯ ವೈರಸ್ ಪರೀಕ್ಷೆಯ ಉತ್ತರವೂ ದೂರದ ಪ್ರಯೋಗಾಲಯದಿಂದ ಬಂದಿತ್ತು. ರಕ್ತದಲ್ಲಿ ವೈರಸ್ ಕಾಣಿಸುತ್ತಿಲ್ಲ ಎಂದಿತ್ತು ಅದರಲ್ಲಿ. ಅನುಮಾನ ಬೀಳುವ ಮೊದಲು ಆಕೆ ಗುಳಿಗೆ ಬಿಟ್ಟಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಗಂಗಿ ಒಳಗೆ ಕರೆಯಲಿಲ್ಲ. ಚಂಪಾ ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದರು, ಐಸಿನ ವಿಷಯ, ತಮ್ಮ ತೋಳಿನ ರಕ್ತದ ವಿಷಯ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಎಂದರು. ಬೀರು ತಲೆ ತಗ್ಗಿಸಿ ಕೂತಿದ್ದ.

“ರಕ್ತ ಹೇಳಿದ ಮೇಲೆ ನಂಬಿದ್ರಿ,” ಎಂದಳು ಗಂಗಿ. “ನಾ ಹೇಳಿದಾಗ ನಂಬ್ಲಿಲ್ಲ.” ಈ ಮಾತು ಚಂಪಾಗೋ ಗಂಡನಿಗೋ ಎಂದು ಯಾರಿಗೂ ತಿಳಿಯಲಿಲ್ಲ.

ಆಮೇಲೆ ಒಂದು ಷರತ್ತು ಹಾಕಿದಳು. ಗುಳಿಗೆ ಮತ್ತೆ ಶುರು ಮಾಡುತ್ತೇನೆ, ಆದರೆ ಇನ್ನು ಮೇಲೆ ನನ್ನ ಡಬ್ಬಿಯನ್ನು ಯಾರೂ ಎಣಿಸಕೂಡದು, ಗಂಡನೂ ನೋಡಕೂಡದು. ಹನ್ನೆರಡು ವರ್ಷಗಳಲ್ಲಿ ಚಂಪಾ ಇಂಥದ್ದಕ್ಕೆ ಒಪ್ಪಿದ್ದಿಲ್ಲ. ಆ ದಿನ ಒಪ್ಪಿದರು. ನೋಟ್‌ಬುಕ್‌ನಲ್ಲಿ ಗಂಗಿಯ ಸಾಲು ಮೇ ತಿಂಗಳಿಂದ ಖಾಲಿ ಇದೆ.

“ಆ ನಾಲ್ಕು ತಿಂಗಳು ನಂಗೆ ಸರಿ ನಿದ್ದೆ ಇಲ್ಲ. ಅವಳ ಮನೆ ಹಿತ್ತಿಲ ಬದಿಯಿಂದ ಹೋಗೂಕಾದ್ರೆ ಕಣ್ಣು ಬೂದಿ ಕಡೆನೇ ಹೋಗೂದು. ಆದ್ರೂ ಮನಸ್ಸು ಹಿಡ್ಕಂಡೆ.”

ಸೆಪ್ಟೆಂಬರಿನಲ್ಲಿ ಗಂಗಿ ಅಂಕೋಲೆಗೆ ಬಂದು ರಕ್ತ ಕೊಟ್ಟಳು. ಈಗ ಸಂದೇಶನ ವ್ಯಾನಿನಲ್ಲಿ ಎರಡು ಡಬ್ಬಿ ಇವೆ, ಒಂದೊಂದರಲ್ಲೂ ಶಾಖ ಅಳೆಯುವ ಗಡಿಯಾರದಂಥದ್ದು ಕೂತಿದೆ. ಸೋಮವಾರ ದೀಪಾ ಖುಷಿಯಿಂದ ಫೋನ್ ಮಾಡಿ, ಐನೂರ ನಲವತ್ತು ಬಂದಿದೆ ಅಕ್ಕ ಎಂದರು. ಚಂಪಾ ಮೊದಲು ಕೇಳಿದ್ದು, ಯಾವ ಡಬ್ಬಿಯಲ್ಲಿ ಹೋಗಿತ್ತು, ಶಾಖ ಎಷ್ಟಿತ್ತು ಎಂದು. ದೀಪಾ ಹುಡುಕಿ ಓದಿ ಹೇಳಿದ ಮೇಲೆಯೇ ಅಂಗಳದ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡರು.

ಈಗ ತಿಂಗಳಿಗೊಮ್ಮೆ ಚಂಪಾ ಆ ಮನೆಗೂ ಹೋಗುತ್ತಾರೆ. ಬೀರುವಿನ ಡಬ್ಬಿ ಎಣಿಸುತ್ತಾರೆ. ಗಂಗಿ ಮಾತಾಡುವುದಿಲ್ಲ, ಚಾ ಕೊಡುವುದಿಲ್ಲ, ಎದುರಿಗೂ ಬರುವುದಿಲ್ಲ. ಒಳಗೆ ಪಾತ್ರೆಯ ಸದ್ದು ಮಾತ್ರ ಸ್ವಲ್ಪ ಜೋರಾಗಿ ಕೇಳುತ್ತದೆ. ಬೇಸರವಿಲ್ಲವೇ ಎಂದರೆ ಚಂಪಾ ತಲೆ ಅಲ್ಲಾಡಿಸುತ್ತಾರೆ.

“ಅವಳ ಸಿಟ್ಟು ಸಾಯೂವರೆಗೂ ಇರ್ಲಿ. ನನ್ ಮೇಲೆ ಇರ್ಲಿ, ಗುಳಗಿ ಮೇಲೆ ಬೇಡ. ನಂಗೆ ಬೇಕಾದ್ದು ಅಷ್ಟೇ.”